ದುಡಿಯ ಬಗ್ಗೆ ಬರೆದ ವಾಕ್ಯ ಸರಿಹೋಗುತ್ತಿಲ್ಲ, ಸಹಾಯ ಮಾಡಿ

ಮಸಿಕುಡಿಕೆ: ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಚೋಮ ಬಾರಿಸುವ ದುಡಿ ಎಂಬ ಚರ್ಮವಾದ್ಯದ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ವಾಕ್ಯ ತಿದ್ದುತ್ತಿದ್ದೇನೆ. ಓದುವಾಗ ಎಡವುತ್ತಲೇ ಇದೆ.

"ಚೋಮನ ದುಡಿಯಲ್ಲಿ ದುಡಿಯು ಸಂಕೇತವಾಗಿ ಬಳಸಲ್ಪಟ್ಟಿದ್ದು, ಅದರ ಮೂಲಕ ಚೋಮನ ನೋವು, ಸಿಟ್ಟು, ಆಸೆ ಹಾಗೂ ಜಾತಿ ವ್ಯವಸ್ಥೆಯ ಅನ್ಯಾಯವು ವ್ಯಕ್ತಪಡಿಸಲ್ಪಡುವುದನ್ನು ಕಾಣಬಹುದಾಗಿದೆ."

ಎಲ್ಲಿ ತಪ್ಪಿದೆ ಹೇಳಿ. ತಲೆ ಕೆಟ್ಟುಹೋಗಿದೆ.

ಅಲ್ಪವಿರಾಮ: 'ಬಳಸಲ್ಪಟ್ಟಿದ್ದು', 'ವ್ಯಕ್ತಪಡಿಸಲ್ಪಡುವುದು'. ಕರ್ಮಣಿ ಪ್ರಯೋಗ ತೆಗೆಯಿರಿ. ಕನ್ನಡದಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. 'ದುಡಿ ಚೋಮನ ನೋವನ್ನು ಹೇಳುತ್ತದೆ', ಸಾಕು.

ಮಸಿಕುಡಿಕೆ: ಅದನ್ನೂ ಮಾಡಿ ಕೊಟ್ಟಿದ್ದೆ. ವಾಪಸ್ ಬಂತು.

ಅಲ್ಪವಿರಾಮ: ಹಾಗಾದರೆ 'ಕಾಣಬಹುದಾಗಿದೆ' ಉಳಿಸಿರುತ್ತೀರಿ. ಅದೂ ಅದೇ ರೋಗ. ಕರ್ತೃವನ್ನು ಮುಂದೆ ತನ್ನಿ.

ಹೊಸ್ತಿಲು: 'ಸಂಕೇತ' ಬೇಡ, 'ಪ್ರತಿಮೆ' (ಇಮೇಜ್) ಅನ್ನಿ. ದುಡಿ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ವಸ್ತು ಅಲ್ವಾ?

ಹಳೇಪುಟ: ದುಡಿ ಕಾದಂಬರಿಯ ಉದ್ದಕ್ಕೂ ಬರುತ್ತದೆ, ಬಂದಾಗೆಲ್ಲ ಅರ್ಥ ಬೆಳೆಯುತ್ತದೆ. ಸಂಕೇತವೇ ಸರಿ.

ಹೊಸ್ತಿಲು: ಒಪ್ಪುವುದಿಲ್ಲ. ಹೆಸರನ್ನೇ ನೋಡಿ. ದುಡಿ ಅಂದರೆ ವಾದ್ಯ, ದುಡಿ ಅಂದರೆ ಮೈಮುರಿದು ಕೆಲಸ ಮಾಡು. ಚೋಮ ಸಾಲಕ್ಕೆ ಸಿಕ್ಕಿ ಜೀತ ಮಾಡುವವನು. ಇದನ್ನು ಬಿಟ್ಟು ಏನು ಬರೆಯುತ್ತೀರಿ?

ಹಳೇಪುಟ: ಚೆನ್ನಾಗಿದೆ, ಆದರೆ ಅದು ಬೇರೆಯೇ ಪ್ರಬಂಧ. ಮಸಿಕುಡಿಕೆ, ನೀವು 1933ರ ಕಾದಂಬರಿ ಓದಿ ಬರೆದದ್ದಾ, 1975ರ ಸಿನಿಮಾ ನೋಡಿಯಾ? ವಾಪಸ್ ಕೊಟ್ಟವರು ಪಕ್ಕದಲ್ಲಿ ಏನು ಬರೆದಿದ್ದರು?

ಮಸಿಕುಡಿಕೆ: ಕಾದಂಬರಿಯೇ. ಐದು ಪುಟ, ಕೊನೆಯ ದೃಶ್ಯದ ಬಗ್ಗೆ ಮಾತ್ರ. 'ಇದನ್ನು ಯಾರು ಅಲ್ಲಗಳೆಯುತ್ತಾರೆ?' ಅಂತ ಬರೆದಿದ್ದರು.

ಹಳೇಪುಟ: ಇದನ್ನು ಮೊದಲೇ ಹೇಳಬೇಕಿತ್ತು! ತೊಡಕು ವ್ಯಾಕರಣದ್ದಲ್ಲ. ನಾಲ್ಕು ಸಂಗತಿ ಪಟ್ಟಿ ಮಾಡಿದ್ದೀರಿ, ನಿಮ್ಮ ಮಾತು ಯಾವುದು ಅಂತ ಗೊತ್ತಾಗುವುದಿಲ್ಲ. ಚೋಮ ಖುಷಿಯಾದಾಗಲೂ ದುಡಿ ಬಾರಿಸುತ್ತಾನೆ. ಹಾಗಾಗಿ ಅದು ಬರೀ ನೋವಲ್ಲ. ಅವನಿಗೆ ಎತ್ತು ಇದೆ, ಉಳಲು ನೆಲ ಇಲ್ಲ. ನೆಲ ಕೇಳುವ ಹಕ್ಕೂ ಇಲ್ಲ. ಒಡೆಯನ ಮುಂದೆ ಬಾಯಿ ಕಟ್ಟಿದವನು ಗುಡಿಸಲಿಗೆ ಬಂದು ದುಡಿ ಹಿಡಿಯುತ್ತಾನೆ. ಕೊನೆಗೆ ಬಾರಿಸುತ್ತಲೇ ಸಾಯುತ್ತಾನೆ. ಅದು ಸೋಲೋ, ಸೋಲೊಪ್ಪದಿರುವುದೋ? ಒಂದನ್ನು ಆರಿಸಿ. ವಾಕ್ಯ ತಾನಾಗಿ ನೆಟ್ಟಗಾಗುತ್ತದೆ.

ಕಾಗದದೋಣಿ: ನಾನು ಒಂದು ಕಾರ್ಡಿಗೆ ಒಂದೇ ವಾಕ್ಯ ಬರೆದು ಗೋಡೆಗೆ ಅಂಟಿಸುತ್ತೇನೆ. ಈಗ ನಲವತ್ತು ಕಾರ್ಡ್ ಇವೆ. ಪೆನ್ಸಿಲ್ ಮಾತ್ರ, ಪೆನ್ ಮುಟ್ಟುವುದಿಲ್ಲ. ಆಮೇಲೆ ಫೋನಿನಿಂದ ಗಟ್ಟಿಯಾಗಿ ಓದಿಸುತ್ತೇನೆ. ಎಡವುವ ಜಾಗ ಕೂಡಲೇ ಸಿಗುತ್ತದೆ.

ಅಲ್ಪವಿರಾಮ: ಫೋನಿಗೆ ಒತ್ತಕ್ಷರ ಸರಿಯಾಗಿ ಬರುತ್ತದಾ? ಯಾವ ಆ್ಯಪ್?

ಮಸಿಕುಡಿಕೆ: ಇದು ನೋಡಿ:

"ಒಡೆಯನ ಮುಂದೆ ಆಡಲಾಗದ ಮಾತನ್ನು ಚೋಮ ದುಡಿಯಲ್ಲಿ ಆಡುತ್ತಾನೆ. ಸಾಯುವಾಗಲೂ ಅದನ್ನು ನಿಲ್ಲಿಸದಿರುವುದು ಅವನ ಸೋಲಲ್ಲ, ಬಾಯಿ ಮುಚ್ಚಲು ಒಪ್ಪದ ಹಟ."

ಹಳೇಪುಟ: ಈಗ ಜಗಳ ಆಡಬಹುದಾದ ಮಾತಾಯಿತು. ಇದನ್ನೇ ಕೊಡಿ.

ಹೊಸ್ತಿಲು: 'ಸೋಲಲ್ಲ' ಅಂತ ಹೇಗೆ ಹೇಳುತ್ತೀರಿ? ನೆಲ ಸಿಗಲಿಲ್ಲ, ಮಕ್ಕಳನ್ನೂ ಕಳೆದುಕೊಂಡ.

ಮಸಿಕುಡಿಕೆ: ಅದಕ್ಕೆ ಎರಡನೇ ಪುಟ ಇಟ್ಟಿದ್ದೇನೆ.