ಯೂರಿಯಾ ಹಾಕಿದರೆ ಮಣ್ಣಿನ ಸಾವಯವ ಇಂಗಾಲ ಕಮ್ಮಿ ಆಗುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾವಿರೋದು ಪುಣೆಯ ಹಡಪಸರದಲ್ಲಿ, ಮೂಲ ಇಂಡಿ ಕಡೆ. ದೌಂಡ್ ಹತ್ತಿರ ಮೂರು ಎಕರೆ ಕಪ್ಪು ಹೊಲ ತಗೊಂಡಿದ್ದೇವೆ. ಹಿಂದಿನವರು ವರ್ಷಗಟ್ಟಲೆ ಕಬ್ಬಿಗೆ ಬರೀ ಯೂರಿಯಾ, ಡಿಎಪಿ ಹಾಕಿದ್ದಾರೆ. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇ. 0.42 ಬಂದಿದೆ. ಪಕ್ಕದ ಹೊಲದ ಕಾಕಾ ಯೂರಿಯಾ ಮಣ್ಣನ್ನೇ ತಿಂದು ಹಾಕ್ತದೆ, ಬಿಟ್ಟುಬಿಡಿ ಅಂತಾರೆ. ಗೊಬ್ಬರದ ಅಂಗಡಿಯವರು ಹಾಗೇನಿಲ್ಲ ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ನಮಸ್ಕಾರ. ಸಾವಯವ ಇಂಗಾಲ ಅಂದ್ರೆ ಕೊಳೆತ ಬೇರು, ಎಲೆ, ಗೊಬ್ಬರದಿಂದ ಮಣ್ಣಿನಲ್ಲಿ ಉಳಿಯುವ ಇಂಗಾಲ. ಅದು ಶೇ. 0.5ಕ್ಕಿಂತ ಕೆಳಗಿದ್ದರೆ ಕಮ್ಮಿ ಅಂತಲೇ ಲೆಕ್ಕ. ಆದರೆ ಯೂರಿಯಾ ಒಂದರ ಮೇಲೆ ತಪ್ಪು ಹೊರಿಸಬೇಡಿ. ಹೊಲದಿಂದ ಏನೇನು ಹೊರಗೆ ಹೋಯ್ತು, ಏನು ವಾಪಸ್ ಬಂತು ಅನ್ನೋದೇ ಮುಖ್ಯ.

ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆದು ನೋಡುತ್ತಿದ್ದಾರೆ. ರಾಸಾಯನಿಕ ಗೊಬ್ಬರ ಮಾತ್ರ ಹಾಕಿದ ತುಂಡಿನಲ್ಲಿ ಇಂಗಾಲ, ಏನೂ ಹಾಕದ ತುಂಡಿಗಿಂತ ಸ್ವಲ್ಪ ಜಾಸ್ತಿಯೇ ಇದೆ, ಯಾಕಂದ್ರೆ ಬೆಳೆ ದಪ್ಪಗೆ ಬಂದರೆ ಬೇರು, ಕೂಳೆನೂ ಜಾಸ್ತಿ ಮಣ್ಣಿಗೆ ಸೇರುತ್ತದೆ. ಕೊಟ್ಟಿಗೆ ಗೊಬ್ಬರದ ತುಂಡಿನಲ್ಲಿ ಮಾತ್ರ ಎರಡು ಪಟ್ಟಿಗಿಂತ ಜಾಸ್ತಿ. ಎಲ್ಲರೂ ಇದನ್ನ ಒಪ್ಪುವುದಿಲ್ಲ, ಅಮೆರಿಕದ ಇಲಿನಾಯ್ಸ್‌ನ ಹಳೇ ಪ್ರಯೋಗದ ಹೊಲ ಇಟ್ಟುಕೊಂಡು 2007ರಲ್ಲಿ ಕೆಲವು ವಿಜ್ಞಾನಿಗಳು ಸಾರಜನಕ (ಯೂರಿಯಾ ಕೊಡೋದು ಇದನ್ನೇ) ಜಾಸ್ತಿಯಾದರೆ ಇಂಗಾಲ ಇಳಿಯುತ್ತದೆ ಎಂದು ವಾದಿಸಿದರು, ಆ ಜಗಳ ದೊಡ್ಡದೇ ಆಯಿತು. ನನ್ನ ಕೇಳಿದರೆ, ಅಳತೆ ಮೀರಿ ಸುರಿಯೋದೂ ತಪ್ಪು, ಪೂರ್ತಿ ನಿಲ್ಲಿಸೋದೂ ತಪ್ಪು.

ಕಾಕಾ ಹೇಳಿದ್ದರಲ್ಲಿ ಒಂದು ನಿಜ ಇದೆ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಬರೀ ಸಾರಜನಕ ಹಾಕುತ್ತಾ ಹೋದ ತುಂಡು ಹುಳಿಯಾಗಿ ಬೆಳೆಯೇ ಕೈಕೊಟ್ಟಿದೆ. ನಿಮ್ಮದು ಸುಣ್ಣದ ಅಂಶ ಇರುವ ಕಪ್ಪು ಮಣ್ಣಾದರೆ ಹುಳಿಯ ಭಯ ಇಲ್ಲ. ಅಲ್ಲಿ ಜಾಸ್ತಿ ನೀರು ಬಿಟ್ಟು ಸವಳು ಆಗೋ, ಅಂದ್ರೆ ಉಪ್ಪು ಮೇಲೇಳೋ ಭಯವೇ ದೊಡ್ಡದು. ಅದು ಇರಲಿ, ಹಿಂದಿನವರು ರವದಿ, ಅಂದ್ರೆ ಕಬ್ಬಿನ ಒಣ ಎಲೆ, ಏನು ಮಾಡುತ್ತಿದ್ದರು?

ಪ್ರಶ್ನೆ: ಸುಡುತ್ತಿದ್ದರಂತೆ ಮೇಡಂ. ಬದುವಿನ ಹತ್ತಿರ ಇನ್ನೂ ಬೂದಿ ಕಾಣುತ್ತದೆ.

ಉತ್ತರ: ನೋಡಿ, ಅಲ್ಲೇ ಇದೆ ಕಥೆ! ಎಕರೆಗೆ ಅಂದಾಜು ಮೂರು-ನಾಲ್ಕು ಟನ್ ಒಣ ರವದಿ. ಬೆಂಕಿ ಇಟ್ಟರೆ ಅದರ ಇಂಗಾಲ, ಸಾರಜನಕ ಬಹುಪಾಲು ಹೊಗೆಯಲ್ಲಿ ಹೋಗುತ್ತದೆ. ಸುಡಬೇಡಿ. ಸಾಲಿನ ನಡುವೆ ಹರಡಿ, ಟನ್‌ಗೆ 8 ಕೆಜಿ ಯೂರಿಯಾ, 10 ಕೆಜಿ ಸಿಂಗಲ್ ಸೂಪರ್ ಫಾಸ್ಫೇಟ್, 1 ಕೆಜಿ ಕೊಳೆಸುವ ಸೂಕ್ಷ್ಮಜೀವಿಗಳ ಕಲ್ಚರ್ ಹಾಕಿ ನೀರು ಬಿಡಿ. ರವದಿಯಲ್ಲಿ ಸಾರಜನಕ ತೀರಾ ಕಮ್ಮಿ, ಯೂರಿಯಾ ಕೊಡದಿದ್ದರೆ ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯ ಪಾಲನ್ನೇ ಎಳೆದುಕೊಂಡು ಕಬ್ಬು ಹಳದಿಯಾಗುತ್ತದೆ. ಕಾಕಾಗೂ ಇದನ್ನ ಹೇಳಿ.

ಪ್ರಶ್ನೆ: ಹೀಗೆ ಮಾಡಿದರೆ ಎರಡು ವರ್ಷದಲ್ಲಿ 0.75 ಮುಟ್ಟಬಹುದಾ?

ಉತ್ತರ: ಇಲ್ಲ ರೀ, ಆಗೋದಿಲ್ಲ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 9 ಲಕ್ಷ ಕೆಜಿ ತೂಗುತ್ತದೆ. ಶೇ. 0.1 ಏರಬೇಕು ಅಂದ್ರೆ 900 ಕೆಜಿ ಇಂಗಾಲ ಮಣ್ಣಲ್ಲಿ ಉಳಿಯಬೇಕು. ಐದು ಟನ್ ತಿಪ್ಪೆ ಗೊಬ್ಬರ ಹಾಕಿದಿರಿ ಅನ್ನಿ, ಅರ್ಧ ನೀರು. ಉಳಿದದ್ದರಲ್ಲಿ ಇಂಗಾಲ ಹೆಚ್ಚೆಂದರೆ 700-800 ಕೆಜಿ, ಅದರಲ್ಲೂ ಬಹುಪಾಲು ಗಾಳಿಗೆ ಹೋಗಿ ನೂರು-ನೂರೈವತ್ತು ಕೆಜಿ ನಿಂತರೆ ಪುಣ್ಯ. ಮಣ್ಣಲ್ಲಿರುವ ಹಳೇ ಇಂಗಾಲವೂ ನಮ್ಮ ಬಿಸಿಲಿಗೆ ಕರಗುತ್ತಲೇ ಇರುತ್ತದೆ. ಹತ್ತು ವರ್ಷದ ಮಾತು ಇದು. ಎರಡೇ ಸೀಸನ್‌ನಲ್ಲಿ ಏರಿಸಿ ಕೊಡ್ತೇವೆ ಅಂತ ಬಾಟಲಿ ಮಾರೋರು ಬಂದರೆ ಸುಮ್ನೆ ಚಹಾ ಕುಡಿಸಿ ಕಳಿಸಿ.

ಕಬ್ಬು ತೆಗೆದ ಮೇಲೆ ಒಮ್ಮೆ ಸೆಣಬು ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಮಗುಚಿ, ಸುಮ್ಮಸುಮ್ಮನೆ ಟ್ರ್ಯಾಕ್ಟರ್ ಹೊಡೆಸಬೇಡಿ. ಮಣ್ಣು ಪರೀಕ್ಷೆ ಮೂರು ವರ್ಷಕ್ಕೊಮ್ಮೆ ಸಾಕು. ಗೊಬ್ಬರ ಹಾಕುವ ಮುಂಚೆ, ಅದೇ ತಿಂಗಳು, ಅದೇ ಲ್ಯಾಬ್, ಅದೇ 15 ಸೆಂ.ಮೀ. ಆಳ. ಪರೀಕ್ಷೆಗೆ ಬೂದಿ ಬಿದ್ದ ಜಾಗದ ಮಣ್ಣು ತೆಗೆಯಬೇಡಿ.