ಗಾಳಿಗೆ ಮುರಿದುಬಿದ್ದ ಬೇಸಿಗೆ ಮೆಕ್ಕೆಜೋಳ: ಪಕ್ಕದ ಹೊಲ ಮಾತ್ರ ಹೇಗೆ ಉಳಿಯಿತು?

ಹರಿಹರ_ನಾಲೆಬದಿ:
ಅಶ್ವಿನಿ ಮಳೆಯೊಂದಿಗೆ ಬಂದ ಬಿರುಗಾಳಿಗೆ ಎದೆಮಟ್ಟ ಬೆಳೆದಿದ್ದ ನಮ್ಮ ಮೆಕ್ಕೆಜೋಳದಲ್ಲಿ ಸುಮಾರು ಮೂರನೆಯ ಒಂದು ಪಾಲು ಗಿಡಗಳು ನೆಲದಿಂದ ಗೇಣೆತ್ತರದಲ್ಲಿ ಮುರಿದುಬಿದ್ದಿವೆ. ಬದುವಿನಾಚೆಯ ಹೊಲದಲ್ಲಿ ಗಿಡಗಳು ವಾಲಿವೆಯೇ ಹೊರತು ಒಂದೂ ಮುರಿದಿಲ್ಲ. ಗೊಬ್ಬರ, ನೀರು ಎಲ್ಲವನ್ನೂ ಕ್ರಮದಂತೆ ಕೊಟ್ಟಿದ್ದೇನೆ. ಬೀಜವೇ ಕಳಪೆಯೆಂಬುದು ನನ್ನ ಅನುಮಾನ. ಬಿದ್ದವನ್ನು ಎತ್ತಿ ಕಟ್ಟಿದರೆ ಬದುಕುತ್ತವೆಯೇ?

ರಾಣೆಬೆನ್ನೂರು_ಬೆಳೆಗಾರ:
ಇದು ಹುಳುವಿನ ಕೆಲಸ, ಅನುಮಾನ ಬೇಡ. 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದ ಕಡೆ ಫಾಲ್ ಸೈನಿಕ ಹುಳು ಪತ್ತೆಯಾದಂದಿನಿಂದ ನಾವು ಅದನ್ನು ನೋಡುತ್ತಲೇ ಇದ್ದೇವೆ. ಎಮಾಮೆಕ್ಟಿನ್ ಬೆಂಜೊಯೇಟ್ 0.4 ಗ್ರಾಂ ಬೆರೆಸಿ ಸಂಜೆ ಹೊತ್ತು ಸುಳಿಗೆ ಬೀಳುವಂತೆ ಸಿಂಪಡಿಸಿ.

ಶಿಕಾರಿಪುರ_ಮಳೆಯಾಶ್ರಿತ:
ಅಣ್ಣನವರೇ, 0.4 ಗ್ರಾಂ ಎಂಬುದು ಒಂದು ಲೀಟರ್ ನೀರಿಗೆ, ಟ್ಯಾಂಕಿಗಲ್ಲ. ಅದನ್ನು ಬಿಡಿಸಿ ಬರೆಯದಿದ್ದರೆ ಓದಿದವರು ಏನೆಂದು ತಿಳಿಯಬೇಕು? ಅಲ್ಲದೆ ಸೈನಿಕ ಹುಳು ಹೆಚ್ಚಾಗಿ ಸುಳಿಯನ್ನು ತಿನ್ನುತ್ತದೆ. ದಂಟು ಮುರಿಯುವುದಾದರೆ ಕಾಂಡ ಕೊರಕವನ್ನು ನೋಡಬೇಕು. ಮುರಿದ ದಂಟನ್ನು ಉದ್ದಕ್ಕೆ ಸೀಳಿದರೆ ಸುರಂಗ, ಹಿಕ್ಕೆ ಕಾಣುತ್ತವೆ.

ರಾಣೆಬೆನ್ನೂರು_ಬೆಳೆಗಾರ:
ಟ್ಯಾಂಕಿಗೆಂದು ನಾನೆಲ್ಲಿಯೂ ಬರೆದಿಲ್ಲ. ಕೊರಕವೂ ಹುಳುವೇ ತಾನೆ!

ಹರಿಹರ_ನಾಲೆಬದಿ:
ಸೀಳಿ ನೋಡಿದ್ದೇನೆ. ರಂಧ್ರವಿಲ್ಲ, ಹಿಕ್ಕೆಯಿಲ್ಲ, ಒಳಗೆಲ್ಲ ಬೆಳ್ಳಗಿದೆ. ಎಳೆಯ ಸೌತೆಕಾಯಿ ಮುರಿದಂತೆ ಗಿಣ್ಣಿನ ಬಳಿ ನೇರವಾಗಿ ಮುರಿದಿದೆ.

ಧಾರವಾಡ_ಗೋವಿನಜೋಳ:
ಕಳೆಗೆ ಏನು ಹೊಡೆದಿದ್ದೀರಿ, ಆಗ ಬೆಳೆ ಎಷ್ಟೆತ್ತರವಿತ್ತು? ನೆಲಕ್ಕೆ ಇಳಿಯುವ ಆಸರೆ ಬೇರುಗಳು ಬಿಡಿಬಿಡಿಯಾಗಿವೆಯೋ, ಒಂದಕ್ಕೊಂದು ಅಂಟಿಕೊಂಡಿವೆಯೋ?

ಹರಿಹರ_ನಾಲೆಬದಿ:
ಕೇಳಿದ್ದು ಗಾಳಿಯ ವಿಷಯ, ಇಲ್ಲಿ ಕಳೆಯ ಮಾತೇಕೆ? ಬಿತ್ತಿದ ಕೂಡಲೇ ಅಟ್ರಜಿನ್ ಹೊಡೆದಿದ್ದೆ. ಆಮೇಲೆ ಪಾರ್ಥೇನಿಯಂ ಎದ್ದುದರಿಂದ, ಎಡೆಕುಂಟೆಗೆ ಆಳು ಸಿಗದೆ, ಗಾಳಿಗೆ ವಾರದ ಹಿಂದೆ 2,4-ಡಿ ಹೊಡೆಸಿದೆ, ಬೆಳೆ ಸೊಂಟಮಟ್ಟವಿತ್ತು. ಬೇರುಗಳು ಹಸ್ತದಂತೆ ಕೂಡಿಕೊಂಡಿವೆ. ಪಕ್ಕದವರೂ ಅದನ್ನೇ ಹೊಡೆದಿದ್ದಾರೆ, ಆದರೆ ಪೈರು ಗೇಣುದ್ದವಿದ್ದಾಗ.

ಧಾರವಾಡ_ಗೋವಿನಜೋಳ:
ಪಕ್ಕದ ಹೊಲ ಉಳಿದದ್ದು ಅದರಿಂದಲೇ ಎಂದು ತೋರುತ್ತದೆ. 2,4-ಡಿ ಸಸ್ಯದ ಬೆಳವಣಿಗೆಯ ಹಾರ್ಮೋನಿನಂತೆ ಕೆಲಸ ಮಾಡುವ ಔಷಧಿ. ಪೈರು ಗೇಣೆತ್ತರ ದಾಟಿದ ಮೇಲೆ ಅದು ಸುಳಿಯೊಳಗೆ ಬಿದ್ದರೆ, ವೇಗವಾಗಿ ಬೆಳೆಯುತ್ತಿರುವ ದಂಟು ಒಂದೆರಡು ವಾರ ಪೆಡಸಾಗಿ, ಸಾಧಾರಣ ಗಾಳಿಗೂ ಮುರಿಯುತ್ತದೆ. ಆಸರೆ ಬೇರುಗಳು ಕೂಡಿಕೊಳ್ಳುವುದು, ಎಲೆಗಳು ಈರುಳ್ಳಿ ಎಲೆಯ ಹಾಗೆ ಸುರುಳಿಗಟ್ಟುವುದು ಇದರದ್ದೇ ಗುರುತು. ತಳಿಯಿಂದ ತಳಿಗೆ ಸೂಕ್ಷ್ಮತೆ ಬೇರೆಯಿರುವುದರಿಂದ ಬೀಜದ ಪಾತ್ರ ಇಲ್ಲವೇ ಇಲ್ಲವೆನ್ನಲಾರೆ, ಆದರೆ ಕಳಪೆ ಬೀಜ ಹೀಗೆ ಬೇರು ಕೂಡಿಸುವುದಿಲ್ಲ.

ಸುಳಿಯ ಕೆಳಗೆ ಮುರಿದ ಗಿಡ ಮತ್ತೆ ಬೆಳೆಯದು, ಕಟ್ಟಿ ಫಲವಿಲ್ಲ. ಮುರಿಯದೆ ಬೇರುಸಹಿತ ವಾಲಿದವು ಸೂಲಂಗಿ ಬರುವ ಮೊದಲಾದರೆ ಕೆಲವೇ ದಿನಗಳಲ್ಲಿ ತಾವಾಗಿ ಬಾಗಿ ಮೇಲೇಳುತ್ತವೆ. ಕೈಯಿಂದ ಎತ್ತಿದರೆ ಉಳಿದ ಬೇರೂ ಹರಿಯುತ್ತದೆ.

ರಾಣೆಬೆನ್ನೂರು_ಬೆಳೆಗಾರ:
ನನಗೆ ಒಪ್ಪಿಗೆಯಿಲ್ಲ. ಬೇರೆ ಬೇರೆ ಸಾಲಿನ ಗಿಡಗಳನ್ನು ಸೀಳಿ ನೋಡಿ, ಎಲ್ಲೋ ಒಂದರಲ್ಲಿ ಹುಳು ಸಿಕ್ಕೇ ಸಿಗುತ್ತದೆ.

ಶಿಕಾರಿಪುರ_ಮಳೆಯಾಶ್ರಿತ:
ಒಂದರಲ್ಲಿ ಸಿಕ್ಕರೆ ಮೂರನೆಯ ಒಂದು ಪಾಲು ಹೊಲ ಮುರಿದದ್ದಕ್ಕೆ ಅದು ಕಾರಣವಾಗುವುದಿಲ್ಲ.

ಹರಿಹರ_ನಾಲೆಬದಿ:
ನಿಂತಿರುವ ಗಿಡಗಳಿಗೆ ಈಗಲೇ ಯೂರಿಯಾ ಕೊಟ್ಟು ಮಣ್ಣು ಏರಿಸಬಹುದೇ?

ಧಾರವಾಡ_ಗೋವಿನಜೋಳ:
ಎರಡೂ ಈಗ ಬೇಡ. ಮೊದಲು ನಿಂತ ನೀರನ್ನು ಬಸಿಯಿರಿ. ದಂಟು ಪೆಡಸಾಗಿರುವಾಗ ಎತ್ತು, ಕುಂಟೆ ಒಳಗೆ ಹೋದರೆ ತಾಗಿದ ಗಿಡವೂ ಮುರಿಯುತ್ತದೆ. ಗಿಡವನ್ನು ಮೆಲ್ಲಗೆ ಬಾಗಿಸಿದಾಗ ಬಳುಕುವಂತಾದ ಮೇಲೆ, ಮಣ್ಣು ಹದಕ್ಕೆ ಬಂದಾಗ ಏರಿಸಿ. ಅದೇ ಪಂಪನ್ನು ಹತ್ತಿಗೋ ಟೊಮೆಟೊಗೋ ಒಯ್ಯುವ ಮುನ್ನ ಪೈಪು, ನಾಜಲ್ ಸಹಿತ ಚೆನ್ನಾಗಿ ತೊಳೆಯಿರಿ, ಅವಕ್ಕೆ 2,4-ಡಿಯ ಲೇಶವೂ ಆಗದು.