ಪಿಂಗ್ ಬರುತ್ತೆ, ಆದರೆ ಫೈಲ್ ಸರ್ವರ್ ಒಳಗೆ ಬಿಡುತ್ತಿಲ್ಲ

ಕುಶಾಲನಗರ_ಸಿಸ್ಟಮ್
ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಸಿಸ್ಟಮ್ ನೋಡಿಕೊಳ್ಳುತ್ತೇನೆ. ಮೂರು ವಿಂಡೋಸ್ ಸರ್ವರ್ ಇವೆ: ಡೊಮೈನ್ ಕಂಟ್ರೋಲರ್ (ಎಲ್ಲರ ಲಾಗಿನ್ ಪರೀಕ್ಷಿಸುವ ಸರ್ವರ್), ಬಿಲ್ಲಿಂಗ್, ಫೈಲ್ ಸರ್ವರ್. ತೋಟದವರ ಚೀಲದ ತೂಕ, ಔಟ್‌ಟರ್ನ್ (ಕ್ಯೂರಿಂಗ್ ಆದ ಮೇಲೆ ಎಷ್ಟು ಬೀಜ ಸಿಕ್ಕಿತು) ಲೆಕ್ಕ ಎಲ್ಲ ಫೈಲ್ ಸರ್ವರಿನಲ್ಲೇ. ಕೊಡಗಿನ ಕಕ್ಕಡ ತಿಂಗಳ ಮಳೆ ಗೊತ್ತಲ್ಲ, ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಯಿತು, ಜನರೇಟರ್ರೂ ಕೈಕೊಟ್ಟಿತು. ಕರೆಂಟ್ ಬಂದಾಗಿನಿಂದ ಬಿಲ್ಲಿಂಗ್ ಸರ್ವರಿನಿಂದ ಫೈಲ್ ಸರ್ವರಿನ ಫೋಲ್ಡರ್ ತೆರೆಯುತ್ತಿಲ್ಲ. ಹೆಸರು ಹಾಕಿ ಪಿಂಗ್ ಮಾಡಿದರೆ (ಇದ್ದೀಯಾ ಅಂತ ಕೂಗಿದರೆ) ಸರಿಯಾದ ಐಪಿಯಿಂದಲೇ, ಅಂದರೆ ಅದರ ಅಂಕಿ ವಿಳಾಸದಿಂದಲೇ, ಉತ್ತರ ಬರುತ್ತೆ. ಪಾಸ್‌ವರ್ಡ್ ಯಾರೂ ಬದಲಾಯಿಸಿಲ್ಲ.

ಕಾಡುಮಲ್ಲಿಗೆ
ಫೈರ್‌ವಾಲ್ ನೋಡಿ. ಎಲ್ಲ ಒಟ್ಟಿಗೆ ಆನ್ ಆದಾಗ ಡೊಮೈನ್ ಕಂಟ್ರೋಲರ್ ಏಳುವ ಮೊದಲೇ ಫೈಲ್ ಸರ್ವರ್ ಎದ್ದರೆ, ಅದು ನೆಟ್‌ವರ್ಕನ್ನು ‘ಪಬ್ಲಿಕ್’ ಅಂದುಕೊಂಡು ಬಾಗಿಲು ಹಾಕಿಕೊಳ್ಳುತ್ತೆ. ಫೋಲ್ಡರ್ ಹಂಚಿಕೆಯ ಬಾಗಿಲು 445ನೇ ಪೋರ್ಟ್ ತೆರೆದಿದೆಯಾ ನೋಡಿ. ಪಿಂಗ್ ಬಂತು ಅಂದರೆ ದಾರಿ ಇದೆ ಅಂತ ಅಷ್ಟೇ.

ಮಡಿಕೇರಿ_ಮಂಜು
ಅದಕ್ಕೂ ಮೊದಲು ಹೆಸರಿನ ಬದಲು ಐಪಿ ಹಾಕಿ ಫೋಲ್ಡರ್ ತೆರೆದು ನೋಡಿ ಸಾರ್. ಏನಾಗುತ್ತೆ ಹೇಳಿ.

ಕುಶಾಲನಗರ_ಸಿಸ್ಟಮ್
445 ತೆರೆದಿದೆ. ಐಪಿ ಹಾಕಿದರೆ ತೆರೆಯುತ್ತೆ! ಹೆಸರು ಹಾಕಿದರೆ ಮಾತ್ರ ಇಲ್ಲ. ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್ಎಸ್ ತೊಂದರೆನಾ?

ಮಡಿಕೇರಿ_ಮಂಜು
ಹೆಸರಿಗೆ ಸರಿಯಾದ ಐಪಿ ಬರ್ತಿದೆ ಅಂದಿರಲ್ಲ, ಹಾಗಾದರೆ ಡಿಎನ್ಎಸ್ ಮೇಲೆ ಅನುಮಾನ ಬೇಡ. ನೀವು ಯಾರು ಅಂತ ತೋರಿಸಲು ಎರಡು ವಿಧಾನ ಇವೆ: ಹೆಸರು ಹಾಕಿದರೆ ವಿಂಡೋಸ್ ಡೊಮೈನ್ ಕಂಟ್ರೋಲರ್ ಕೊಡುವ ಕೆರ್ಬೆರೋಸ್ ಟಿಕೆಟ್ ತಗೊಂಡು ಹೋಗುತ್ತೆ, ಐಪಿ ಹಾಕಿದರೆ ಸಾಮಾನ್ಯವಾಗಿ ಹಳೆಯ ಎನ್‌ಟಿಎಲ್‌ಎಂ. ನಿಮ್ಮಲ್ಲಿ ಕೆಟ್ಟಿರುವುದು ಮೊದಲನೆಯದು ಮಾತ್ರ. ಕೆರ್ಬೆರೋಸಿಗೆ ಟೈಮ್ ಬಹಳ ಮುಖ್ಯ, ಎರಡು ಕಡೆಯ ಗಡಿಯಾರ 5 ನಿಮಿಷಕ್ಕಿಂತ ಜಾಸ್ತಿ ಆಚೀಚೆ ಇದ್ದರೆ ಟಿಕೆಟ್ ಒಪ್ಪುವುದಿಲ್ಲ. ಮೂರೂ ಸರ್ವರಿನ ತಾರೀಖು, ಟೈಮ್, ಟೈಮ್ ಝೋನ್ ಪಕ್ಕಪಕ್ಕ ಇಟ್ಟು ನೋಡಿ. ಝೋನ್ ಬಿಡಬೇಡಿ, ಒಳಗೊಳಗೆ ಲೆಕ್ಕ ನಡೆಯುವುದು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಟೈಮಿನಲ್ಲಿ. ಝೋನ್ ತಪ್ಪಿದ್ದರೆ ಮುಳ್ಳು ಸರಿ ಕಂಡರೂ ಗಂಟೆಗಟ್ಟಲೆ ವ್ಯತ್ಯಾಸ.

ಕುಶಾಲನಗರ_ಸಿಸ್ಟಮ್
ಸಿಕ್ತು. ಫೈಲ್ ಸರ್ವರ್ ಕಾಲು ಗಂಟೆ ಮುಂದಿದೆ. ಆನ್ ಆದಾಗ ತಾರೀಖು ಎಲ್ಲೋ ಹಳೇ ವರ್ಷಕ್ಕೆ ಹೋಗಿತ್ತಂತೆ, ಲೆಕ್ಕದವರು ಗೋಡೆ ಗಡಿಯಾರ ನೋಡಿ ಟೈಮ್ ಹಾಕಿದ್ದಾರೆ. ನಮ್ಮ ಆಫೀಸಿನ ಗೋಡೆ ಗಡಿಯಾರ ಬೇಕಂತಲೇ ಮುಂದೆ ಇಟ್ಟಿರೋದು, ಹುಡುಗರು ಬೇಗ ಬರಲಿ ಅಂತ! ಟೈಮ್ ಸರಿ ಮಾಡಿದೆ, ಹೆಸರಲ್ಲೇ ತೆರೆಯಿತು. ಆದರೆ ಡೊಮೈನಿಗೆ ಸೇರಿದ ಸರ್ವರ್ ತಾನೇ ಸರಿಯಾಗಬೇಕಿತ್ತಲ್ವಾ?

ಮಡಿಕೇರಿ_ಮಂಜು
ಹೌದು. ವಿಂಡೋಸ್ ಟೈಮ್ ಸರ್ವಿಸ್ ನಿಂತಿರಬೇಕು, ಇಲ್ಲ ಟೈಮ್ ಎಲ್ಲಿಂದ ಅಂತ ಕೇಳಿದರೆ ‘ಲೋಕಲ್ ಸಿಮೋಸ್ ಕ್ಲಾಕ್’ (ಮದರ್‌ಬೋರ್ಡಿನ ತನ್ನದೇ ಗಡಿಯಾರ) ಅನ್ನುತ್ತೆ. ಅದನ್ನು ಡೊಮೈನಿನಿಂದ ತಗೊಳ್ಳುವ ಹಾಗೆ ಮಾಡಿ, ಟೈಮ್ ಬರುವ ಪೋರ್ಟ್ ಯುಡಿಪಿ 123 ಅನ್ನು ಫೈರ್‌ವಾಲ್ ತಡೆದಿದೆಯಾ ನೋಡಿ. ಡೊಮೈನ್ ಕಂಟ್ರೋಲರ್ ಹೊರಗಿನ ಟೈಮ್ ಸರ್ವರಿನಿಂದ ತಗೊಳ್ಳಲಿ.

ಕಾಡುಮಲ್ಲಿಗೆ
ತಾರೀಖು ಹಿಂದೆ ಹೋಗಿದೆ ಅಂದರೆ ಮದರ್‌ಬೋರ್ಡಿನ ಸೆಲ್ ಸತ್ತಿದೆ. ಸಾಮಾನ್ಯವಾಗಿ ಸಿಆರ್2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತೆ. ಮುಂದಿನ ಸಲ ಕರೆಂಟ್ ಹೋಗುವ ಮೊದಲೇ ಹಾಕಿಬಿಡಿ. ಮತ್ತೆ, ಐಪಿ ಹಾಕಿದರೆ ನಡೆಯುತ್ತೆ ಅಂತ ಬಿಲ್ಲಿಂಗಿನಲ್ಲಿ ಹಾಗೇ ಬಿಟ್ಟಿದ್ದರೆ ತೆಗೀರಿ. ಎನ್‌ಟಿಎಲ್‌ಎಂ ಕೈಬಿಡುತ್ತೇವೆ ಅಂತ ಮೈಕ್ರೋಸಾಫ್ಟ್ 2024ರಲ್ಲೇ ಹೇಳಿದೆ.